ಬಾಯಿಗಿಟ್ಟ ಬೀಗದಕೈ

ಬೇತ್ ತೂತೊ
ಮಾರ್ಚ್ ೨೩, ೧೯೮೬, ಭಾನುವಾರ

ಪ್ರೀತಿಯ ಶ್ಮೂನಿ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಆರು ತುಂಬಿದ ನಿನ್ನ ಮಗ ಮಲ್ಕೆ ಈ ಚಳಿಗಾಲದಲ್ಲಿ ಎಷ್ಟು ಬೆಳೆದಿದ್ದಾನೆಂದರೆ, ನೀನು ಹೆಣೆದು ಕಳಿಸಿದ ಸ್ವೆಟರಿನ ತೋಳು ಮೊಣಕೈ ದಾಟುವುದಿಲ್ಲ. ಇನ್ನು ಸುತ್ತಿ ಬಳಸಿ ಬರೆಯಲು ನನಗೆ ತ್ರಾಣವಿಲ್ಲ. ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ಮಲ್ಕೆಗೆ ಮಾತು ಬರಲೆಂದು ಚರ್ಚಿನ ಬೀಗದಕೈಯನ್ನು ಅವನ ನಾಲಿಗೆಯ ಮೇಲಿಟ್ಟು ಮೂರು ಸಲ ತಿರುಗಿಸಿದೆನಲ್ಲ, ಆ ದಿನ ನಾನು ಆ ಮಾತನ್ನು ಹೇಳಲೇ ಇಲ್ಲ.

ಪಾದ್ರಿಗಳು ಕಾಲು ಮುರಿದು ಮಲಗಿದ್ದರು, ನೆನಪಿದೆಯಾ? ನಿನ್ನ ಅತ್ತೆ ಸೈದೆ ನನ್ನ ಕಿವಿ ಹಿಡಿದು, "ಎರಡು ವರ್ಷ ಮಠದ ಶಾಲೇಲಿ ರೊಟ್ಟಿ ದಂಡ ಮಾಡಿ ಓಡಿಬಂದೆಯಲ್ಲೋ, ಇದೊಂದಾದರೂ ಮಾಡು" ಅಂದಳು. ಎತ್‌ಪ್ತಾಹ್. ತೆರೆದುಕೋ ಎಂದು ಸುವಾರ್ತೆಯಲ್ಲಿ ಸ್ವಾಮಿ ಮಾತು ಬಾರದ ಮನುಷ್ಯನಿಗೆ ಹೇಳಿದ ಮಾತು. ಅಷ್ಟೇ ಹೇಳಬೇಕಿತ್ತು. ಬೀಗದಕೈ ಕೈಗೆ ಬಂದದ್ದೇ ತಡ, ಮಾತು ತಲೆಯಿಂದ ಹಾರಿಹೋಯಿತು. ಹೆಂಗಸರೆಲ್ಲ ಕಾಯುತ್ತಿದ್ದರು. ನಾಚಿಕೆಗೆ ನಾನು ಪಾದ್ರಿಗಳ ರಾಗದಲ್ಲಿ ನಮ್ಮ ತಿಂಗಳ ಹೆಸರುಗಳನ್ನು ಬಾಯೊಳಗೇ ಗುನುಗಿದೆ: ನಿಸಾನ್, ಇಯಾರ್, ಹಜಿರಾನ್. ಎಲ್ಲರೂ ಆಮೆನ್ ಅಂದರು. ಮಗುವಿಗೆ ಮಾತು ಬರಲಿಲ್ಲ. "ಸ್ವಾಮಿಯ ಮಾತಲ್ಲಿ ಊನ ಇರಲ್ಲ, ತಾಯಿಯ ನಂಬಿಕೆಯಲ್ಲಿದೆ" ಎಂದು ಸೈದೆ ನಿನ್ನನ್ನು ಹಂಗಿಸಿದಾಗ ನಾನು ಪಕ್ಕದಲ್ಲೇ ದ್ರಾಕ್ಷಿ ತಿನ್ನುತ್ತ ಕೂತಿದ್ದೆ. ನೀನು ಬರಿಗಾಲಲ್ಲಿ ಮಠಕ್ಕೆ ನಡೆದೆ. ಮಾತು ಬರುವವರೆಗೆ ಮಗು ಈ ಚರ್ಚಿನ ನೆರಳು ಬಿಡಕೂಡದೆಂದು ಸೈದೆ ಹಟ ಹಿಡಿದಾಗ, ನೀನು ಅವನನ್ನು ಅವಳ ಮಡಿಲಲ್ಲಿ ಬಿಟ್ಟು ಭಾವನ ಹಿಂದೆ ಇಸ್ತಾಂಬುಲ್ ಬಸ್ಸು ಹತ್ತಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ನಿನ್ನ ಕಾಗದ ಬಂದಿದೆ. ಈಸ್ಟರಿನೊಳಗೆ ಇನ್ನೊಮ್ಮೆ ಆ ಮಾತು ಹೇಳಿಸು, ಅಲ್ಲಿಯವರೆಗೆ ದಿನಾ ಸಂಜೆ ತನಕ ನೀರೂ ಮುಟ್ಟುವುದಿಲ್ಲ ಎಂದು ಬರೆದಿದ್ದೀಯ. ಓದಿ ಕಲ್ಲು ಒಡೆಯುವ ಕೆಲಸಕ್ಕೂ ಹೋಗಲಾಗಲಿಲ್ಲ. ಈ ಸಲ ತಪ್ಪಬಾರದೆಂದು ಚರ್ಚಿನ ಶಾಲೆಯ ಶಾಬೊ ಮೇಷ್ಟ್ರ ಹತ್ತಿರ ಹೋಗಿ, ಆ ಒಂದು ಮಾತು ಬರೆದುಕೊಡಿ ಅಂದೆ. "ಕಿತ್ತು ಕೈಗೆ ಕೊಡೋಕೆ ಅದೇನು ಮೂಲಂಗಿಯೇನೋ ಲಹ್ದೊ? ಕೂತು ಸುವಾರ್ತೆಯ ಪೂರ್ತಿ ಕಥೆ ನಕಲು ಮಾಡು" ಅಂದರು. ಗ್ರೀಕರು ಕೂಡ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಬದಲಿಸದೆ, ಸ್ವಾಮಿ ಆಡಿದ ನಮ್ಮ ನುಡಿಯಲ್ಲೇ ಉಳಿಸಿಕೊಂಡಿದ್ದಾರೆಂದು ಹೇಳುವಾಗ ಅವರ ಗಡ್ಡ ಹೆಮ್ಮೆಯಿಂದ ಅಲುಗುತ್ತಿತ್ತು. ನಾನು ಬರೆಯುತ್ತ ಹೋದೆ. ಸ್ವಾಮಿ ಆ ಮನುಷ್ಯನನ್ನು ಜನರಿಂದ ಪಕ್ಕಕ್ಕೆ ಕರೆದೊಯ್ದರು. ಅವನ ಕಿವಿಗಳಲ್ಲಿ ಬೆರಳಿಟ್ಟರು. ಆಮೇಲೆ ನಾಲಿಗೆ ಮುಟ್ಟಿದರು. ಆಕಾಶ ನೋಡಿ ನಿಟ್ಟುಸಿರು ಬಿಟ್ಟರು. ಆಮೇಲೆ ಆ ಮಾತು. ನನ್ನ ಲೇಖನಿ ನಿಂತಿತು. ಮೊದಲು ತೆರೆದದ್ದು ಕಿವಿ, ಅಕ್ಕಾ. ಆ ಮನುಷ್ಯ ಕಿವುಡ, ಅದಕ್ಕೇ ಮಾತು ಬಂದಿರಲಿಲ್ಲ. ನಾವು ಅಜ್ಜಂದಿರ ಕಾಲದಿಂದ ಬಾಯಿಗೇ ಬೀಗದಕೈ ತುರುಕುತ್ತಿದ್ದೇವೆ. ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. "ಐವತ್ತು ವರ್ಷ ಇದನ್ನೇ ಓದಿಸಿದೆ. ಹೋಗು, ಮಗುವಿನ ಕಿವಿ ನೋಡು" ಅಂದರು.

ಮಲ್ಕೆ ಅಂಗಳದಲ್ಲಿ ಅಕ್ರೋಟು ಸಾಲಾಗಿ ಜೋಡಿಸುತ್ತಿದ್ದ. ಹಿಂದಿನಿಂದ ಹೋಗಿ ತಾಮ್ರದ ಹರಿವಾಣಕ್ಕೆ ಸುತ್ತಿಗೆಯಿಂದ ಬಡಿದೆ. ಛಾವಣಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮಲ್ಕೆ ಅಕ್ರೋಟು ಜೋಡಿಸುತ್ತಲೇ ಇದ್ದ. ಪಾರಿವಾಳಗಳ ನೆರಳು ಅಕ್ರೋಟಿನ ಮೇಲೆ ಸುಳಿದ ಮೇಲೆಯೇ ತಲೆಯೆತ್ತಿ ನಕ್ಕ. ಆರು ವರ್ಷ ನಾವೆಲ್ಲ ಇದನ್ನು ಹಟಮಾರಿತನ ಅಂದೆವು.

ಮಿದ್ಯಾತ್ ಪೇಟೆಯ ಡಾಕ್ಟರು ತೊಂದರೆ ಕಿವಿಯದೇ ಇರಬೇಕೆಂದು ಹೇಳಿ, ದಿಯಾರ್‌ಬಕಿರ್‌ನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾರೆ. ವಾಸಿಯಾಗುತ್ತದೋ ಇಲ್ಲವೋ, ಸುಳ್ಳು ಆಸೆ ನಾನು ಬರೆಯುವುದಿಲ್ಲ. ಸೈದೆಗೂ ಎಲ್ಲ ಹೇಳಿದೆ, ತಿಂಗಳ ಹೆಸರಿನ ಸಮೇತ. "ಕಳ್ಳ ನನ್ನ ಮಗನೇ" ಎಂದು ಚಪ್ಪಲಿ ಎಸೆದಳು. ತಾಗಿತು. "ಸ್ವಾಮಿಗಿಂತ ಡಾಕ್ಟರು ದೊಡ್ಡೋನೇನೋ?" ಅಂದಳು. ಸ್ವಾಮಿಯೇ ಮೊದಲು ಕಿವಿ ನೋಡಿದ್ದು ಅಂದೆ. ಅವಳು ಎದ್ದು ಹಿಟ್ಟು ನಾದತೊಡಗಿದಳು. ಈಗ ಒಲೆಯ ಮುಂದೆ ಕೂತು ದಾರಿಗೆಂದು ರೊಟ್ಟಿ ಸುಡುತ್ತಿದ್ದಾಳೆ, ಒಣದ್ರಾಕ್ಷಿ ಕಟ್ಟಿಟ್ಟಾಗಿದೆ.

ನನ್ನನ್ನು ಕ್ಷಮಿಸೆಂದು ಕೇಳಲು ಮುಖವಿಲ್ಲ. ಭಾವನಿಗೆ ನನ್ನ ನಮಸ್ಕಾರ. ಅಮ್ಮನ ಆಶೀರ್ವಾದ ನಿಮ್ಮಿಬ್ಬರ ಮೇಲಿರಲಿ.

ನಿನ್ನ ತಮ್ಮ
ಲಹ್ದೊ

ಮರೆತಿದ್ದೆ: ಇದು ಕೈಸೇರಿದ ಕೂಡಲೇ ನೀರು ಕುಡಿ. ನಿನ್ನ ನಂಬಿಕೆಯಲ್ಲಿ ಯಾವ ಊನವೂ ಇರಲಿಲ್ಲ. ಸೈದೆಯೂ ಇದನ್ನು ಬರೆ ಅಂದಳು. ನಾಳೆ ಬೆಳಿಗ್ಗೆ ಮೊದಲ ಮಿನಿಬಸ್ಸಿಗೆ ನಾನೂ ಮಲ್ಕೆಯೂ ಹೊರಡುತ್ತೇವೆ.