ಚುಕ್ಕೆ ಇಟ್ಟ ಅಳತೆ

ಜೂನ್ 1, ಬೆಳಿಗ್ಗೆ ಏಳು

ತಿಂಗಳ ಮೊದಲ ದಿನ. ನನ್ನ ಮೈಗೇ ಟೇಪು ಹಿಡಿದದ್ದಾಯಿತು. ಎದೆ 44, ಸೊಂಟ 40. ಎರಡರ ತಲೆಯ ಮೇಲೂ ಒಂದೊಂದು ಚುಕ್ಕೆ. ಈ ಡೈರಿ ಓದುವವರು ಯಾರೂ ಇಲ್ಲ. ಆದರೂ ಚುಕ್ಕೆ ಇಟ್ಟೆ. ಕೈಗೆ ರೂಢಿ.

ಚಿಕ್ಕಮ್ಮ ಕಲಿಸಿದ್ದು ಇದು. ಹೊಲಿಗೆ ಕಲಿಸಿದವಳೂ ಅವಳೇ. ದಪ್ಪಗಿರುವವರ ಅಳತೆ ತೆಗೆದಾಗ ಬಾಯಲ್ಲಿ ಎರಡು ಇಂಚು ನುಂಗಿಬಿಡಬೇಕು. ಪುಸ್ತಕದಲ್ಲೂ ಹಾಗೇ ಬರೆಯಬೇಕು, ಗಿರಾಕಿ ಬಗ್ಗಿ ನೋಡುತ್ತಾಳೆ. ನಮ್ಮ ಗುರುತಿಗೆ ಅಂಕಿಯ ಮೇಲೊಂದು ಚುಕ್ಕೆ. ಬಟ್ಟೆ ಕತ್ತರಿಸುವಾಗ ಚುಕ್ಕೆಗೆರಡು ಇಂಚು ಸೇರಿಸಿಕೊಂಡರಾಯಿತು. ಗಿರಾಕಿ ನಗುತ್ತಾ ಹೋಗುತ್ತಾಳೆ, ಬಟ್ಟೆಯೂ ಸರಿಯಾಗಿ ಕೂರುತ್ತದೆ. ಯಾರಪ್ಪನ ಗಂಟೇನು ಹೋಯಿತು?

ಅದೇ ದಿನ, ಸಂಜೆ

ಇವತ್ತು ಮೂವರು ಬಂದಿದ್ದರು. ಮೂವರೂ ಬಾಗಿಲಲ್ಲೇ "ದಪ್ಪಕ್ಕ ಇದ್ದಾರಾ?" ಎಂದು ಕೇಳಿಕೊಂಡೇ ಒಳಗೆ ಬಂದದ್ದು. ಮೊದಮೊದಲು ಚುಚ್ಚುತ್ತಿತ್ತು. ಈಗ ಬೋರ್ಡಿನಲ್ಲೇ ಬರೆಸಿಬಿಡೋಣ ಎನ್ನಿಸುತ್ತದೆ. ಅಂಗಡಿಯಲ್ಲಿ ಇರುವುದು ಇಬ್ಬರೇ. ಮಾಸ್ಟರ್ ಗಂಡಸರ ಕೋಟು, ಪ್ಯಾಂಟು ನೋಡಿಕೊಳ್ಳುತ್ತಾರೆ. ಹೆಂಗಸರೆಲ್ಲ ನನ್ನ ಪಾಲು.

ಮೂವರಿಗೂ ಅದೇ ಪಾಠ ಒಪ್ಪಿಸಿದೆ. ಗಾಢ ಬಣ್ಣ. ಮೇಲಿಂದ ಕೆಳಗೆ ಇಳಿಯುವ ಗೆರೆ. ವಿ ಕತ್ತು. ಮುಕ್ಕಾಲು ತೋಳು. ಹೊಳೆಯುವ ಬಟ್ಟೆ ಬೇಡ, ದೊಡ್ಡ ಹೂವು ಬೇಡ. ಬೆಲ್ಟ್ ಅಂತೂ ಬೇಡವೇ ಬೇಡ. ಕೊನೆಯವಳು ಚಿಕ್ಕ ಹುಡುಗಿ, ಇಪ್ಪತ್ತೋ ಇಪ್ಪತ್ತೊಂದೋ. ಹಾಗಾದರೆ ಏನು ಬೇಕು ಆಂಟಿ, ಎಂದು ಕೇಳಿದಳು. ನಕ್ಕು ಟೇಪು ಸುತ್ತಿಟ್ಟೆ.

ಜೂನ್ 5

ಅಕ್ಕ ಅಂಗಡಿಗೇ ಬಂದಳು. ಮುಖ ನೋಡಿದೊಡನೆ ಏನೋ ಇದೆ ಎನ್ನಿಸಿತು.

ಇಪ್ಪತ್ತೆರಡು ವರ್ಷದಿಂದ ರೇಡಿಯೋದಲ್ಲಿ ಸುದ್ದಿ ಓದುತ್ತಾಳೆ ಅಕ್ಕ. ತರಕಾರಿಯವನು, ಡಾಕ್ಟರು, ಬ್ಯಾಂಕಿನವಳು — ಎಲ್ಲರಿಗೂ ದನಿ ಗೊತ್ತು, ಮುಖ ಗೊತ್ತಿಲ್ಲ. ಅವಳಿಗೂ ಅದೇ ಹಿತವಾಗಿತ್ತು. ಈಗ ತಿಂಗಳ ಕೊನೆಗೆ ರೇಡಿಯೋ ಸುದ್ದಿ ನಿಲ್ಲಿಸುತ್ತಾರಂತೆ. ಅದೇ ಆಫೀಸಿನವರ ಟಿವಿ ಇದೆ. ಹಳಬರಿಗೆಲ್ಲ ಒಂದೊಂದು ಕ್ಯಾಮೆರಾ ಟೆಸ್ಟ್. ಇವಳದು ಜುಲೈ ಒಂದು, ಹನ್ನೊಂದು ಗಂಟೆಗೆ. ಪಾಸಾದರೆ ಪರದೆ. ಇಲ್ಲದಿದ್ದರೆ ನೆಲಮಾಳಿಗೆಯಲ್ಲಿ ಹಳೇ ರೆಕಾರ್ಡಿಂಗ್ ಟೇಪುಗಳಿಗೆ ಚೀಟಿ ಅಂಟಿಸುತ್ತಾ ರಿಟೈರ್ ಆಗುವವರೆಗೆ ಕೂರಬೇಕು. ಅಂದರೆ ಇನ್ನು ಒಂಬತ್ತು ವರ್ಷ.

"ನನ್ನ ಮೈ ಕಂಡ ಮೇಲೂ ನನ್ನ ಮಾತು ಯಾರಾದ್ರೂ ಕೇಳ್ತಾರೇನೆ?" ಎಂದಳು.

ಕೇಳುವ ಹಾಗೆ ನಾನು ಹೊಲಿದುಕೊಡುತ್ತೇನೆ ಎಂದು ಎದೆ ತಟ್ಟಿಕೊಂಡೆ. ಅವಳು ತಾನೇ ಒಂದು ಬಟ್ಟೆ ತಂದಿದ್ದಳು, ಸಾಸಿವೆ ಹಳದಿ. ದಪ್ಪ ನೇಯ್ಗೆ, ಒಳ್ಳೇ ಮಾಲು. ಕ್ಯಾಮೆರಾ ಮುಂದೆ ಹಳದಿ ಹಾಕಿಕೊಂಡರೆ ಕುಂಬಳಕಾಯಿ ಸುದ್ದಿ ಓದಿದಂತಿರುತ್ತದೆ ಎಂದೆ. ನಕ್ಕಳು, ಆದರೆ ಪೂರ್ತಿ ನಗಲಿಲ್ಲ. ಆ ಬಟ್ಟೆಯನ್ನು ಕೆಳಗಿನ ಶೆಲ್ಫಿಗೆ ತಳ್ಳಿ ನೇವಿ ಬ್ಲೂ ತೆಗೆದೆ. ಉದ್ದ ಜಾಕೆಟ್, ಭುಜದಿಂದ ಕೆಳಗಿಳಿಯುವ ಎರಡು ಪ್ರಿನ್ಸೆಸ್ ಕಟ್ ಹೊಲಿಗೆ, ಒಂದೇ ಗುಂಡಿ.

ಆಮೇಲೆ ಟೇಪು. "ಎದೆ ನಲವತ್ತೆರಡು," ಎಂದೆ.

"ಹದಿನೆಂಟು ವರ್ಷದಿಂದ ಅದೇ ನಲವತ್ತೆರಡು ನೋಡು. ಒಂದಿಂಚು ಹೆಚ್ಚಿಲ್ಲ," ಎಂದು ಬೀಗಿದಳು. ಪುಸ್ತಕದಲ್ಲಿ ಬರೆದೆ. 42, ಮೇಲೆ ಎರಡು ಚುಕ್ಕೆ.

ಹದಿನೆಂಟು ವರ್ಷದ ಹಿಂದೆ ಒಂದೇ ಚುಕ್ಕೆ ಇತ್ತು. ಅಂಕಿ ಅಲ್ಲೇ ನಿಂತಿದೆ, ಚುಕ್ಕೆ ಬೆಳೆದಿದೆ. ರೆಡಿಮೇಡ್ ಬಟ್ಟೆ ಅವಳು ಮುಟ್ಟುವವಳಲ್ಲ, ಮೈಮೇಲಿನದೆಲ್ಲ ನನ್ನ ಹೊಲಿಗೆಯೇ. ಗೊತ್ತಾಗುವುದಾದರೂ ಹೇಗೆ?

ಹೊರಡುವಾಗ ಹೇಳಿ ಹೋದಳು: ಟೆಸ್ಟ್ ಹೊತ್ತಿಗೆ ನಲವತ್ತಕ್ಕೆ ಇಳಿಸುತ್ತಾಳಂತೆ. ಇವತ್ತಿಂದ ರಾತ್ರಿ ಊಟ ಬಂದ್.

ಜೂನ್ 13

ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನವೂ ಬರೀ ಸೌತೆಕಾಯಿ. ಕಣ್ಣು ಗುಳಿ ಬಿದ್ದಿದೆ. ಬೆಳಗಿನ ಸುದ್ದಿ ಓದುವಾಗ ತಲೆ ಸುತ್ತಿ, ಒಂದು ಸಾಲು ಎರಡು ಸಲ ಓದಿಬಿಟ್ಟಳಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ನಲವತ್ತೆರಡರಿಂದ ನಲವತ್ತು ಅಂದರೆ ಎರಡೇ ಇಂಚಲ್ಲವೇ, ಅಷ್ಟೂ ಆಗಲ್ಲವಾ ನನ್ನ ಕೈಲಿ, ಎನ್ನುತ್ತಾಳೆ. ನಲವತ್ತಾರರಿಂದ ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಹಸಿದಿರುವವಳ ಮುಂದೆ ಈಗ ಈ ಮಾತೇಕೆ.

ಜೂನ್ 17

ಇಸ್ತ್ರಿಪೆಟ್ಟಿಗೆ ಬಲಗೈ ಮೇಲೆ ಬಿತ್ತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು, ಗುಬ್ಬಿ ಕಾಲು. ಡಾಕ್ಟರು ಒಂದು ವಾರ ಅಂಗಡಿ ಕಡೆ ತಲೆ ಹಾಕಬೇಡಿ ಎಂದರು. ಜಾಕೆಟ್ ಇನ್ನೂ ಕತ್ತರಿಸಿಲ್ಲ...

ಜೂನ್ 26, ಬೆಳಿಗ್ಗೆ

ಕೈಗೆ ಪಟ್ಟಿ ಇದೆ, ಬೆರಳು ಆಡುತ್ತವೆ. ಅಂಗಡಿಗೆ ಹೋದೆ.

ಹೋಗುವಷ್ಟರಲ್ಲಿ ಹ್ಯಾಂಗರಿನಲ್ಲಿ ನೇವಿ ಬ್ಲೂ ಜಾಕೆಟ್ ತೂಗುತ್ತಿತ್ತು. ಮಾಸ್ಟರ್ ಹೊಲಿದುಬಿಟ್ಟಿದ್ದಾರೆ. ಹೆಂಗಸರ ಬಟ್ಟೆ ಎಂದೂ ಮುಟ್ಟದ ಮನುಷ್ಯ. ಅಕ್ಕನ ಸುದ್ದಿ ಕೇಳದೆ ಅವರಿಗೆ ಬೆಳಗಿನ ಕಾಫಿ ಇಳಿಯುವುದಿಲ್ಲವಂತೆ. ನಿಮ್ಮ ಕೈ ಹೀಗಾಯಿತು, ಅಮ್ಮಾವರ ಟೆಸ್ಟ್ ಹತ್ತಿರ ಬಂತು, ಅದಕ್ಕೇ ನಾನೇ ಕತ್ತರಿ ಹಾಕಿದೆ ಎಂದರು. ಕಾಲರ್ ನೋಡಬೇಕು, ಕತ್ತಿಯಂತಿದೆ. ಗುಂಡಿಮನೆ ಕೈಯಲ್ಲೇ ಕಟ್ಟಿದ್ದಾರೆ.

ಅಳತೆ? ಪುಸ್ತಕ ನೋಡಿ ತೆಗೆದುಕೊಂಡೆ ಎಂದರು. ಚುಕ್ಕೆಯ ಸಂಗತಿ ಅವರಿಗೇನು ಗೊತ್ತು? ಪೆನ್ನು ಸೋರಿದೆ ಎಂದುಕೊಂಡಿದ್ದಾರು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮೂರು ವಾರದಿಂದ ಉಪವಾಸ ಇದ್ದಾಳೆ, ಇಳಿದಿರಬಹುದು, ಕೂತರೂ ಕೂತೀತು ಎಂದು ಲೆಕ್ಕ ಹಾಕಿದೆ. ನನ್ನ ಸುಳ್ಳು ನಿಜವಾಗಲಿ ಎಂದು ಅಕ್ಕನನ್ನು ಹಸಿವಿನಲ್ಲೇ ಬಿಟ್ಟವಳು ನಾನು.

ಜೂನ್ 27

ಕೂರಲಿಲ್ಲ.

ಕನ್ನಡಿ ಮುಂದೆ ಅಕ್ಕ ಉಸಿರು ಎಳೆದುಕೊಂಡು ನಿಂತಳು. ಗುಂಡಿಗೂ ಗುಂಡಿಮನೆಗೂ ಮೂರು ಬೆರಳು ದೂರ. ಬೆನ್ನಿನಲ್ಲಿ ಬಟ್ಟೆ ಬಿಗಿದು ಅಡ್ಡಡ್ಡ ಸುಕ್ಕು. ಇನ್ನೊಮ್ಮೆ ಎಳೆದಳು. ಮತ್ತೂ ಒಮ್ಮೆ. ಆಮೇಲೆ ಕೈ ಬಿಟ್ಟಳು.

ಅಳತೆ ಏನಾದರೂ ತಪ್ಪಿತೇ ಎಂದು ಮಾಸ್ಟರನ್ನು ಮೆಲ್ಲಗೆ ಕೇಳಿದಳು. ಅವರು ಜಾಕೆಟ್ಟನ್ನು ಮೇಜಿನ ಮೇಲೆ ಹರವಿ, ಟೇಪು ಇಟ್ಟು, ಪುಸ್ತಕ ತೆರೆದು ಪಕ್ಕದಲ್ಲಿಟ್ಟರು. ನಲವತ್ತೆರಡಕ್ಕೆ ಎಷ್ಟು ಸಡಿಲು ಬಿಡಬೇಕೋ ಅಷ್ಟೂ ಬಿಟ್ಟಿದ್ದಾರೆ. ಕಾಲಿಂಚು ಆಚೀಚೆ ಇಲ್ಲ. ಮೂವತ್ತೈದು ವರ್ಷ ಕತ್ತರಿ ಹಿಡಿದ ಮನುಷ್ಯನ ಕಿವಿ ಕೆಂಪಾಗಿತ್ತು.

"ಊಟ ಬಿಟ್ರೂ ಊದ್ತಾ ಇದ್ದೀನಿ ಅಂದ್ರೆ ಇದು ನನ್ನ ಹಣೆಬರಹ ಬಿಡು," ಎಂದಳು ಅಕ್ಕ. "ನಾಳೆ ಫೋನ್ ಮಾಡಿ ಟೆಸ್ಟ್‌ಗೆ ಬರಲ್ಲ ಅಂತ ಹೇಳ್ತೀನಿ. ನೆಲಮಾಳಿಗೇಲಿ ಯಾರೂ ನೋಡಲ್ಲ."

ನಾನು ಅಲ್ಲೇ ಇದ್ದೆ. ಟೇಪು ಕೊರಳಲ್ಲೇ ಇತ್ತು.

ಜೂನ್ 28, ಮಧ್ಯಾಹ್ನ

ಬೆಳಿಗ್ಗೆ ಮೊದಲು ಮಾಸ್ಟರಿಗೆ ಹೇಳಿದೆ. ಚುಕ್ಕೆ ಅಂದರೇನು ಎಂದು ಪುಸ್ತಕದ ಒಂದೊಂದು ಹಾಳೆ ತಿರುಗಿಸಿ ತೋರಿಸಿದೆ. ಎಷ್ಟೊಂದು ಚುಕ್ಕೆ! ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಬೈದಿದ್ರೂ ತಡ್ಕೊಳ್ತಿದ್ದೆ. ನಿನ್ನೆ ನೀವು ಸುಮ್ಮನೆ ನಿಂತ್ರಲ್ಲ, ಅದು ಸರಿ ಹೋಗಲಿಲ್ಲ," ಎಂದರು. ಅಷ್ಟೇ. ಅಷ್ಟು ಸಾಕಾಯಿತು.

ಅಲ್ಲಿಂದ ನೇರ ಅಕ್ಕನ ಮನೆಗೆ. ಫೋನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದಳು, ಇನ್ನೂ ಮಾಡಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಚಿಕ್ಕಮ್ಮ, ಚುಕ್ಕೆ, ಹದಿನೆಂಟು ವರ್ಷ, ನಲವತ್ತಾರು. ಪ್ರತಿ ಒಂದನೇ ತಾರೀಕು ನನ್ನ ಡೈರಿಯಲ್ಲಿ ನನಗೇ ಇಟ್ಟುಕೊಳ್ಳುವ ಚುಕ್ಕೆಯನ್ನೂ. ನಿನ್ನ ಮನಸ್ಸು ನೋಯಬಾರದು ಅಂತ ಮಾಡಿದೆ ಎಂದೂ ಹೇಳಿದೆ. ಹೇಳುವಾಗಲೇ ಆ ಮಾತು ಹಳಸಿದ ಅನ್ನದ ಹಾಗೆ ನಾರಿತು.

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಮೂಗಿನ ತುದಿಯಲ್ಲೇ ಕೋಪ ಅವಳಿಗೆ. ಕೂಗಲಿಲ್ಲ.

"ಅಂದ್ರೆ ನನ್ನ ಮೈ ಅಳತೆ ಊರಲ್ಲಿ ನಿನಗೊಬ್ಬಳಿಗೇ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ."

ನಾನು ಅವಳೆದುರು ನೆಲದ ಮೇಲೆ ಕೂತೆ.

"ನಾನು ಸುದ್ದಿ ಓದೋಳು ಕಣೆ. ಒಂದು ಅಂಕಿ ತಪ್ಪಿದ್ರೆ ಮುಂದಿನ ಸುದ್ದೀಲಿ ತಿದ್ದುಪಡಿ ಓದ್ತೀವಿ. ಎಷ್ಟೇ ಅವಮಾನ ಆಗ್ಲಿ, ಓದ್ತೀವಿ. ಎದ್ದೇಳು. ಟೇಪು ತೆಗಿ. ಓದು."

ಓದಿದೆ. ಭುಜ ಹದಿನಾರೂವರೆ. ಎದೆ ನಲವತ್ತೈದು... ಒಂದಿಂಚು ನಿಜಕ್ಕೂ ಇಳಿದಿತ್ತು, ಪಾಪದವಳು. ಹೊಟ್ಟೆ ನಲವತ್ತಮೂರು. ಹಿಪ್ ನಲವತ್ತೊಂಬತ್ತು. ಒಂದೊಂದಕ್ಕೂ ನನ್ನ ದನಿ ಇಳಿಯುತ್ತಿತ್ತು. ಗಟ್ಟಿಯಾಗಿ ಓದು ಎನ್ನುತ್ತಿದ್ದಳು. ಕೊನೆಗೆ ತಾನೇ ಕಾಗದ ಕಿತ್ತುಕೊಂಡು ರೇಡಿಯೋ ದನಿಯಲ್ಲಿ ಮೊದಲಿಂದ ಕೊನೆಯವರೆಗೆ ಓದಿದಳು, ಆ ಬಾಯಲ್ಲಿ ಕೇಳಿದರೆ ಯಾವುದೋ ಅಣೆಕಟ್ಟಿನ ನೀರಿನ ಮಟ್ಟದಂತಿತ್ತು. ಓದಿ ಮುಗಿಸಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಕ್ಕೆವು. ನಗುತ್ತಾ ನಗುತ್ತಾ ಅವಳು ಅತ್ತಳು. ನಾನೂ.

ಆಮೇಲೆ ಇಬ್ಬರೂ ಹೊಟ್ಟೆ ತುಂಬ ಅನ್ನ ಉಂಡೆವು. ಫೋನು ಮಾಡಲಿಲ್ಲ.

ಆದರೂ ಒಂದು ಮಾತು ಹೇಳಿ ಕಳಿಸಿದಳು. "ನಿನ್ನನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಮೊದಲು ಜಾಕೆಟ್ ಆಗ್ಲಿ."

ಜೂನ್ 29

ನೇವಿ ಬಟ್ಟೆ ಮುಗಿದಿದೆ. ಮಾಸ್ಟರ್ ಕಾಲಿನಿಂದ ಶೆಲ್ಫಿನ ಕೆಳಗೆ ತೋರಿಸಿದರು, ಸಾಸಿವೆ ಹಳದಿ.

ಕೈ ಪಟ್ಟಿ ಬಿಚ್ಚಿ ಗೆರೆ ಎಳೆದೆ ನಾನು, ಕತ್ತರಿ ಹಾಕಿದರು ಅವರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ದಪ್ಪ ಮೈಗೆ ಪುಸ್ತಕದಲ್ಲಿದ್ದ ಅಂಕಿಯನ್ನೇ ಇಟ್ಟು ಗೆರೆ ಎಳೆದದ್ದು. ಮನಸ್ಸಿನಲ್ಲಿ ಕೂಡಿಸುವುದಿಲ್ಲ, ಅಂದಾಜಿಲ್ಲ. ಕೆಲಸ ಎಷ್ಟು ಹಗುರ!

ಇನ್ನೊಂದೂ ಕಂಡಿತು. ನಾನು ಯಾವಾಗಲೂ ಭಯಕ್ಕೆ ಒಂದಿಷ್ಟು ಹೆಚ್ಚೇ ಸಡಿಲು ಬಿಡುತ್ತಿದ್ದೆ. ಭುಜದ ಹೊಲಿಗೆ ತೋಳಿಗೆ ಜಾರುತ್ತಿತ್ತು, ಮೈ ಇನ್ನಷ್ಟು ಹರಡಿದಂತೆ ಕಾಣುತ್ತಿತ್ತು. ಅದನ್ನು ಮುಚ್ಚಲು ಗಾಢ ಬಣ್ಣ, ಮೇಲಿಂದ ಗೆರೆ. ಹೊಲಿಗೆ ಭುಜದ ಎಲುಬಿನ ಮೇಲೇ ನಿಂತರೆ, ಎದೆಯ ಮಡಿಕೆ ಎದೆಯ ಜಾಗದಲ್ಲೇ ಇದ್ದರೆ, ಉದ್ದ ಹಿಪ್ಪಿನ ಅಗಲದಲ್ಲಿ ನಿಲ್ಲದೆ ಸ್ವಲ್ಪ ಕೆಳಗಿಳಿದರೆ ಅರ್ಧ ಕೆಲಸ ಮುಗಿಯಿತು. ಬಣ್ಣ ಅವರವರ ಇಷ್ಟ. ಆವತ್ತಿನ ಆ ಹುಡುಗಿಗೆ ಇದನ್ನು ಹೇಳಬೇಕಿತ್ತು. ಟ್ರಯಲ್‌ಗೆ ಬಂದಾಗ ಹೇಳಬೇಕು.

ಜೂನ್ 30

ಅಕ್ಕ ಕೊನೆಯ ಸಲ ರೇಡಿಯೋ ಸುದ್ದಿ ಓದಿದಳು. ಮಾಸ್ಟರ್ ಮಷಿನ್ ನಿಲ್ಲಿಸಿದರು. ಕೊನೆಗೆ "ಇಲ್ಲಿಗೆ ಸುದ್ದಿ ಮುಗಿಯಿತು" ಎನ್ನುವಾಗ ದನಿ ಒಂದು ಚೂರೂ ನಡುಗಲಿಲ್ಲ.

ಮಧ್ಯಾಹ್ನ ಟ್ರಯಲ್. ಗುಂಡಿ ತಾನಾಗಿ ಮನೆ ಸೇರಿತು. ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡಳು. ಬಿಚ್ಚುವ ಮನಸ್ಸೇ ಮಾಡಲಿಲ್ಲ. ಬಿಚ್ಚೇ, ಗುಂಡಿ ಭದ್ರ ಮಾಡಬೇಕು ಎಂದು ನಾನೇ ಗದರಿಸಬೇಕಾಯಿತು.

ಜುಲೈ 1, ಹನ್ನೊಂದಕ್ಕೆ ಐದು ನಿಮಿಷ

ಸ್ಟುಡಿಯೋ ಹೊರಗಿನ ಬೆಂಚು. ತಣ್ಣನೆ ಕಾರಿಡಾರ್. ಗಾಜಿನಾಚೆ ಅಕ್ಕ ಕಾಣುತ್ತಾಳೆ. ಹಿಂದಿನ ಗೋಡೆ ನೋಡಿ ಬೆವರಿದೆ, ಪೂರ್ತಿ ನೇವಿ ಬ್ಲೂ. ನಾನು ಆರಿಸಿದ್ದ ನೇವಿ ಜಾಕೆಟ್ ಹಾಕಿಸಿದ್ದರೆ ತಲೆ ಮಾತ್ರ ತೇಲುತ್ತಿತ್ತು.

ಒಳಗೆ ಹೋಗುವ ಮೊದಲು ತಿರುಗಿ ಕೇಳಿದಳು, "ಹೇಗೆ ಕಾಣ್ತೀನಿ? ನಿಜ ಹೇಳು."

ತೆಳ್ಳಗೆ ಕಾಣ್ತೀಯ ಎನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಗೆ ಬಂದೇಬಿಟ್ಟಿತ್ತು. ಕಚ್ಚಿ ಹಿಡಿದೆ.

"ದಪ್ಪಗೇ ಕಾಣ್ತೀಯ. ತುಂಬಾ ಚೆನ್ನಾಗಿ ಕಾಣ್ತೀಯ."

ಅವಳು ನನ್ನ ಕೊರಳಿಗೆ ಕೈ ಹಾಕಿ ಟೇಪನ್ನು ಎಳೆದು ನನ್ನ ಮಡಿಲಿಗೆ ಹಾಕಿದಳು. ತೆಗೆದಿಡಲು ಮರೆತು ಅದನ್ನು ಹಾಕಿಕೊಂಡೇ ಬಂದಿದ್ದೆ. "ಇವತ್ತು ಒಂದನೇ ತಾರೀಕು. ನಿಂದೂ ತಿದ್ದುಪಡಿ ಇದೆಯಲ್ಲ? ನಾನು ಬರೋದ್ರೊಳಗೆ ಬರೆದಿಟ್ಟಿರು. ಆಮೇಲೆ ನಾನೇ ಓದ್ತೀನಿ."

ಯಾರೂ ಓದದ ಡೈರಿ ಇದು. ಚುಕ್ಕೆ ಇಡುವುದು ಯಾರಿಗಾಗಿ ಎಂದು ಅವಳು ಕೇಳಲಿಲ್ಲ, ಸದ್ಯ.

ಕಾರಿಡಾರಿನಲ್ಲಿ ಯಾರೂ ಇಲ್ಲ. ವಾಚ್‌ಮನ್ ಒಬ್ಬ ಇದ್ದಾನೆ, ನೋಡಿದರೆ ನೋಡಲಿ. ಎದ್ದು ನಿಂತು ಟೇಪು ಸುತ್ತಿಕೊಂಡೆ.

ಎದೆ 46.

ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಗಾಜಿನಾಚೆ ಅಕ್ಕ ಭುಜ ನೆಟ್ಟಗೆ ಮಾಡಿ ತಲೆ ಎತ್ತಿದಳು. ಸಾಸಿವೆ ಹಳದಿ ಎದ್ದು ಕಾಣುತ್ತಿದೆ.

ಸೊಂಟ 42.