ನೀಲಿ ಅಂಗಿಯ ತೋಳು

ಅಪ್ಪಾ,

ಲಾಕ್‌ಡೌನ್ ಇನ್ನೂ ತೆಗೆದಿಲ್ಲ. ಯಾರೂ ಮನೆಯಿಂದ ಹೊರಬೀಳದ ಮೇಲೆ ಇಸ್ತ್ರಿ ಬಟ್ಟೆ ಯಾರಿಗೆ ಬೇಕು? ಮೆಟ್ಟಿಲ ಕೆಳಗಿನ ಇಸ್ತ್ರಿಯವನು ತಣ್ಣಗಾದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕೂತಿರುತ್ತಾನೆ. ಸುಮ್ಮನೆ ದುಡ್ಡು ಕೊಡಹೋದರೆ, "ಬಟ್ಟೆ ಇದ್ರೆ ಕೊಡಿ ಅಕ್ಕಾ, ಇಲ್ಲಾಂದ್ರೆ ಬೇಡ" ಅನ್ನುತ್ತಾನೆ. ಅದಕ್ಕೇ ಎದುರುಮನೆ ಆಂಟಿಯೂ ನಾನೂ ಒಂದು ಉಪಾಯ ಮಾಡಿದ್ದೇವೆ. ಬೀರುವಿನಲ್ಲಿ ಮಡಚಿಟ್ಟ ಬಟ್ಟೆಗಳನ್ನೇ ತೆಗೆದು, ಮುದುರಿ, ಅವುಗಳ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಅವನಿಗೆ ಕೊಡುತ್ತೇವೆ. ನೀನಿದ್ದಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದೆ.

ಇವತ್ತು ಗಂಟು ತೀರ ಚಿಕ್ಕದಾಯಿತು. ದಾನ ಮಾಡಿದ ಹಾಗೆ ಕಾಣಬಾರದೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿದೆ. ಬಾಗಿಲ ಹಿಂದಿನ ಮೊಳೆಯಲ್ಲಿದ್ದದ್ದನ್ನೂ ತೆಗೆದುಕೊಂಡಿದ್ದೆ, ಏನೆಂದು ನೋಡಿರಲಿಲ್ಲ.

ಸಂಜೆ ಅವನೇ ಮೇಲೆ ತಂದುಕೊಟ್ಟ. ಮಡಚಿದ ಬಟ್ಟೆಗಳ ಮೇಲೆ ನಿನ್ನ ನೀಲಿ ಅಂಗಿಯಿತ್ತು. ಆಸ್ಪತ್ರೆಗೆ ಹೊರಟ ದಿನ ನೀನು ಬಿಚ್ಚಿ ತೂಗುಹಾಕಿದ್ದು.

"ಅಪ್ಪಾವ್ರು ಮನೆಗೆ ಬರ್ತಿದಾರಾ ಅಕ್ಕಾ? ಮೊಣಕೈ ಹತ್ರ ಸುಕ್ಕು ಭಾರಿ ಹಠ ಮಾಡ್ತು. ನೀರು ಚಿಮುಕಿಸಿ ಚೆನ್ನಾಗಿ ಉಜ್ಜಿದೀನಿ. ಈಗ ಹೊಸದರ ಹಾಗಿದೆ ನೋಡಿ."

ನೀನು ಹೋದ ಸುದ್ದಿಯನ್ನು ಬೀದಿಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

"ಚೆನ್ನಾಗಾಗಿದೆ" ಅಂದೆ. ನಾಳೆಗೂ ಬಟ್ಟೆ ಇದೆ ಅಂದೆ.

ಬಾಗಿಲು ಹಾಕಿಕೊಂಡು ತೋಳುಗಳನ್ನು ಬಿಡಿಸಿ ನೋಡಿದೆ. ನೀನು ಕೈಕಟ್ಟಿ ಕೂತು ಕೂತು ಮೊಣಕೈ ಹತ್ತಿರ ಬಿದ್ದಿದ್ದ ಸುಕ್ಕು ಎಲ್ಲೂ ಇರಲಿಲ್ಲ.

ಅಂಗಿಯನ್ನು ಮುದುರಿದೆ. ಅದರ ಮೇಲೆ ತುಂಬಾ ಹೊತ್ತು ಕೂತೆ.