ಬಾಡದ ದಡದಲ್ಲಿ ಮಿಲಿಟರಿ ತರಬೇತಿ

೧೮ ಜನವರಿ ೨೦೨೬, ಭಾನುವಾರ

ಸೈನ್ಯದ ಬಗ್ಗೆ ನನ್ನ ಅನುಭವ ಹೈಸ್ಕೂಲಿನ ಎನ್‌ಸಿಸಿ ಪರೇಡಿನ ನಂತರದ ಉಪ್ಪಿಟ್ಟಿಗೆ ಸೀಮಿತ. ಆದರೂ ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾದ ಅಕ್ಕನ ಮಗಳು ಸುಚಿತ್ರಾಳನ್ನು ಸಂದರ್ಶನಕ್ಕೆ ತಯಾರು ಮಾಡುವ ಘನ ಹೊಣೆ ನನ್ನದೇ. ನಾಳೆ ಅವಳು ಬೆಂಗಳೂರಿಗೆ ಹೊರಡುತ್ತಾಳೆ.

ಅಲ್ಲಿ ಗುಂಪಿನಲ್ಲಿ ಕೆಲಸ ಮಾಡಿಸಿಯೂ ನೋಡುತ್ತಾರಂತೆ. ಅದಕ್ಕೇ ಬೆಳಿಗ್ಗೆ ನಮ್ಮ ಬಾಡ ಊರಿನ ಕಡಲ ದಡದಲ್ಲಿ ಅವಳಿಗೂ ಜೊತೆಯ ಹುಡುಗರಿಗೂ ಹಲಗೆ, ಹಗ್ಗ ಕೊಟ್ಟು, ಡ್ರಮ್ಮನ್ನು ಹಳ್ಳ ದಾಟಿಸಿ ಎಂದೆ. ಅವರಲ್ಲೊಬ್ಬ, ಸೈನಿಕ ಶಾಲೆಯಲ್ಲಿ ಓದಿದ, ಕುಮಟೆಯ ವಕೀಲರ ಮಗ ನಿಖಿಲ, ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತ ನಿಂತ. ನಮ್ಮ ಸರಕಾರಿ ಕನ್ನಡ ಶಾಲೆಯ ಹುಡುಗಿ ಸುಮ್ಮನೆ ಹಗ್ಗ ಬಿಗಿದಳು. ಡ್ರಮ್ಮು ದಾಟಿತು.

“ನೀನೂ ಆರ್ಡರ್ ಮಾಡೇ, ಇಲ್ಲಾಂದ್ರೆ ಸೊನ್ನೆ ಹಾಕ್ತ್ರು,” ಎಂದು ಗದರಿದೆ.

“ಊರೆಲ್ಲ ಸೇರಿ ರಂಪಣಿ ಬಲೆ ಎಳೀವಾಗ ಎಂತ ಆರ್ಡರ್ ಮಾವಾ? ಯಾವ ಬದಿ ಭಾರ ಆತೋ ಆ ಬದಿಗೆ ಜನ ತಾವೇ ಹೋಗ್ತ್ರು.”

ಅದೂ ನಾಯಕತ್ವವೇ ಇರಬಹುದು ಎಂದು ನನಗೆ ಹೊಳೆದದ್ದು ಸಂಜೆ. ನನ್ನ ಉಪದೇಶದಿಂದಲೇ ಹುಡುಗಿ ಫೇಲಾದಾಳು ಎಂದು ಹೆದರಿ ಫೋನ್ ಮಾಡಿ, ಹೇಳಿದ್ದನ್ನೆಲ್ಲ ಮರೆತುಬಿಡು ಎಂದೆ.

“ಅದ್ನ ಆಗ್ಲೇ ಮರ್ತಾತು ಮಾವಾ. ನೀವ್ ಆರಾಮಾಗಿ ಮನಗಿ.”